ಮೊಳೆ ಕರಗುವ ಮುನ್ನ

ಕನ್ನಡದ ಮೊದಲ ಪತ್ರಿಕೆ ಯಾವುದೆಂದರೆ 1843ರ ‘ಮಂಗಳೂರು ಸಮಾಚಾರ’ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರ ಹೆಸರೂ ಬಾಯಲ್ಲಿರುತ್ತದೆ. ಅದು ಕಲ್ಲಚ್ಚಿನ ಪತ್ರಿಕೆಯಾಗಿತ್ತೆಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಕಲ್ಲಚ್ಚಿಗೆ ದುಂಡಗೆ ಬರೆಯುವ ಒಂದು ಕೈ ಇದ್ದರೆ ಆಯಿತು. ಗುಣಿತ, ಒತ್ತು ಎಲ್ಲವೂ ಬರೆದ ಹಾಗೇ ಕಾಗದಕ್ಕೆ ಇಳಿಯುತ್ತಿದ್ದವು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚಿಗೆ ತಿರುಗಿಕೊಂಡಿತು.

ಮೊಳೆಯಲ್ಲಿ ಕನ್ನಡವನ್ನು ಕೂರಿಸುವುದು ಸುಲಭದ ಕೆಲಸವಲ್ಲ. ‘ರಾಷ್ಟ್ರ’ ಎಂಬ ಪದವನ್ನೇ ನೋಡಿ. ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕೆ ತಾಗಿದಂತೆ ರಕಾರದ್ದು. ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ದೊಡ್ಡ ನೆಲಮಾಳಿಗೆ ಬೇಕಿಲ್ಲ. ಒತ್ತಿಗೆ ಜಾಗ ಬಿಟ್ಟರೆ ಪುಟವೆಲ್ಲ ಖಾಲಿ ಖಾಲಿ. ಬಿಡದಿದ್ದರೆ ಕೆಳಸಾಲಿನ ಗುಡಿಸು, ಏತ್ವಗಳಿಗೆ ಡಿಕ್ಕಿ. ಅಕ್ಷರ ತೀರ ಸಣ್ಣದಾದರೆ ಧಕಾರದ ಹೊಟ್ಟೆಯ ಸೀಳಿಗೆ ಮಸಿ ತುಂಬಿ ಧನವಂತ ದನವಂತನಾಗುತ್ತಾನೆ. (ಬೈಗುಳ ಮಾತ್ರ ಕರಡು ತಿದ್ದಿದವರಿಗೆ.)

ಈ ತೊಡಕುಗಳನ್ನು ಒಂದೊಂದಾಗಿ ಬಿಡಿಸಿದವರು ಯಾರು? 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವ್ಯಾಕರಣಕ್ಕೆ ವಿಲಿಯಂ ಕೇರಿಯ ಹೆಸರಿದೆ, 1894ರ ನಿಘಂಟಿಗೆ ಕಿಟ್ಟೆಲರ ಹೆಸರಿದೆ. ಉಕ್ಕಿನ ಪಂಚಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದ ಕೈ ಯಾರದೆಂದು ನಾವು ಕೇಳಿದ್ದೇ ಕಡಿಮೆ.

ಕಂಪ್ಯೂಟರ್ ಕಾಲಕ್ಕೆ ಕೆ.ಪಿ. ರಾವ್ ಕೀಲಿಮಣೆಯ ದಾರಿ ಮಾಡಿಕೊಟ್ಟರು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಮನೆಮನೆಗೆ ಬಂತು. ಟೈಪಿಸುವ ಕಷ್ಟವೇನೋ ನೀಗಿತು, ಅಕ್ಷರರೂಪದ ಬಡತನ ಪೂರ್ತಿ ನೀಗಿಲ್ಲ. ತಲೆಬರಹಕ್ಕೆ, ಲಗ್ನಪತ್ರಿಕೆಗೆ ಬಳುಕುವ ಫಾಂಟುಗಳು ಬೇಕಾದಷ್ಟಿವೆ. ಇಡೀ ಕಾದಂಬರಿ ಓದಿದರೂ ಕಣ್ಣು ದಣಿಯದಂಥವು ಬೆರಳೆಣಿಕೆಯಷ್ಟು. ಎಷ್ಟೋ ಮೊಬೈಲ್ ಆ್ಯಪುಗಳಲ್ಲಿ ಇಂದಿಗೂ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿನ ಸಾಲಿಗೆ ಅಳತೆ ಹಿಡಿದು ಕನ್ನಡವನ್ನು ತುರುಕಿದ್ದರ ಫಲ ಇದು.

ಹೊಸದಾಗಿ ಅಕ್ಷರ ರೂಪಿಸುವವರು ಹಳೆಯ ಮೊಳೆಗಳನ್ನು ನೋಡಿ ಕಲಿಯಬೇಕು. ಅವೋ, ಸೀಸದ ಬೆಲೆಗೆ ಗುಜರಿ ಸೇರುತ್ತಿವೆ. ನಿಮ್ಮೂರಿನ ಅಚ್ಚುಕೂಟದ ಮೂಲೆಯಲ್ಲಿ ಮೊಳೆಯ ಕೇಸುಗಳು ಉಳಿದಿದ್ದರೆ, ತೂಕಕ್ಕೆ ಹಾಕುವ ಮೊದಲು ಒಂದೊಂದು ಅಕ್ಷರವನ್ನೂ ಕಾಗದದ ಮೇಲೆ ಒತ್ತಿಸಿಕೊಳ್ಳಿ. ಎಷ್ಟು ಪಾಯಿಂಟಿನದು, ಯಾರು ಜೋಡಿಸುತ್ತಿದ್ದರು ಎಂದು ಬರೆದು ನಮಗೆ ಕಳಿಸಿ. ಅಂಚೆ ವೆಚ್ಚ ಪತ್ರಿಕೆಯದು.