ಎಫ್‌ಸಿ ಮುಗಿದ ಮರುದಿನ

ನಮ್ಮ ಮನೆಯ ಪಿಕಪ್‌ಗೆ ಈಗ 14 ವರ್ಷ. ಗೊಬ್ಬರ, ಅಡಿಕೆ, ಹಿಂಡಿ, ಬೋರ್ಡೋ ದ್ರಾವಣದ ಡ್ರಮ್ಮು, ಒಮ್ಮೊಮ್ಮೆ ಕರು – ಅದು ಹೊರದ ವಸ್ತುವಿಲ್ಲ. ಸಾಗಾಟದ ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ ಆಗಬೇಕು. ಓಡಲು ಯೋಗ್ಯ ಎಂಬ ಸರ್ಟಿಫಿಕೇಟು. ಮಳೆಗಾಲದ ಮೊದಲ ಮದ್ದು ಬಿಟ್ಟ ಹಾಗೆ, ಇದೂ ತಪ್ಪಿಸಲಾಗದ ಕೆಲಸ.

ಹಲವು ವರ್ಷ ನಾನಿದನ್ನು ಹೇಗೆ ಮಾಡಿಸಿದೆ ಎಂದರೆ ಕೆಲವರು ನಗಬಹುದು. ಯಾಕೆಂದರೆ ನೀವೂ ಹಾಗೇ ಮಾಡಿದವರು! ವಾರ ಮೊದಲೇ ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪೈಂಟು. ನೆರೆಯವರ ಒಳ್ಳೆ ಟಯರು ಎರಡು ದಿನಕ್ಕೆ ಎರವಲು. ಬೆಂಕಿ ನಂದಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರದ್ದೋ. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು. ಕಾಗದಪತ್ರವೆಲ್ಲ ಏಜೆಂಟರ ಕೈಗೆ. ಸಂಜೆಗೆ ಎಫ್‌ಸಿ ಬಂತು, ಮರುದಿನ ಟಯರು ವಾಪಸು ಹೋಯಿತು.

ಹೀಗೇ ಎಫ್‌ಸಿ ಮಾಡಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಘಟ್ಟದ ಮೇಲಿಂದ ಕುರಿಗೊಬ್ಬರ ತುಂಬಿಸಿ ಚಾರ್ಮಾಡಿ ಇಳಿಯುತ್ತಿದ್ದೆ. ಪಕ್ಕದಲ್ಲಿ ಮಗ. ಲೋಡು ತುಸು ಹೆಚ್ಚೇ ಇತ್ತು, ಸುಳ್ಳು ಯಾಕೆ ಹೇಳಲಿ. ಬ್ರೇಕ್ ಒತ್ತುತ್ತಾ ಒತ್ತುತ್ತಾ ಇಳಿದೆ. ಒಂದು ತಿರುವಿನ ಹತ್ತಿರ ಪೆಡಲ್ ಮೆತ್ತಗಾಯಿತು, ಮುಂದಿನ ತಿರುವಿಗೆ ಸೀದಾ ತಳಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದರೆ ಅದೂ ಹೆಸರಿಗೆ ಮಾತ್ರ. ಹೇಗೋ ಗೇರು ಇಳಿಸಿ ಧರೆಗೆ ತಾಗಿಸಿ ನಿಲ್ಲಿಸಿದೆ. ಎಡಬದಿ ಜಜ್ಜಿತು, ಮಗನ ಮೊಣಕೈ ತರಚಿತು, ಅಷ್ಟೇ. ಬಲಬದಿಗೆ ಪ್ರಪಾತ ಮಾರಾಯ್ರೆ. ಹೊಸ ಎಫ್‌ಸಿ ಡ್ಯಾಶ್‌ಬೋರ್ಡಿನಲ್ಲಿ ಬೆಚ್ಚಗೆ ಕೂತಿತ್ತು.

ಆಮೇಲೆ ಗ್ಯಾರೇಜಿನಲ್ಲಿ ಕಾರಣ ಗೊತ್ತಾಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ. ನೀರು ಸೇರಿದರೆ ಅದು 140ರ ಸುತ್ತಮುತ್ತಲಿಗೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಚಕ್ರ ನಿಲ್ಲುವುದಿಲ್ಲ. ನಮ್ಮ ಮಳೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಇದನ್ನು ಬದಲಿಸಬೇಕು. ನಾನು ಎಂದು ಬದಲಿಸಿದ್ದೆನೋ ನೆನಪೇ ಇಲ್ಲ! ಪೈಂಟು ಮಾತ್ರ ಪ್ರತಿ ವರ್ಷ ಹೊಸತು.

ತುಕ್ಕಿನ ಕತೆಯೂ ಹಾಗೆಯೇ. ಬೋರ್ಡೋ ಸರಿಯಾಯಿತಾ ಎಂದು ನೋಡಲು ನಾವು ಉಜ್ಜಿದ ಕತ್ತಿಯನ್ನು ಅದ್ದುತ್ತೇವೆ. ಕತ್ತಿಗೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಅದೇ ಮೈಲುತುತ್ತಿನ ನೀರು ಪಿಕಪ್‌ನ ತಳಕ್ಕೆ ಚೆಲ್ಲಿದರೆ ಆ ಕಬ್ಬಿಣಕ್ಕೂ ಕತ್ತಿಯ ಗತಿಯೇ. ಪೊಟ್ಯಾಶ್ ಗೊಬ್ಬರದ ಉಪ್ಪೂ ಕಡಿಮೆ ಅಲ್ಲ. ತಳದ ಅಡಿಯಲ್ಲೇ ಬ್ರೇಕಿನ ಪೈಪು ಹಾದುಹೋಗುತ್ತದೆ. ದ್ರಾವಣವನ್ನು ಪರೀಕ್ಷೆ ಮಾಡುವವರು ಗಾಡಿಯನ್ನು ಯಾಕೆ ಮಾಡುವುದಿಲ್ಲ?

ಮರುವರ್ಷ ಏಜೆಂಟರನ್ನು ಬಿಟ್ಟು ನಾನೇ ಹೋದೆ. ಟಯರು ನಮ್ಮದೇ, ಪೈಂಟು ಇಲ್ಲ. ಬ್ರೇಕ್ ಇನ್‌ಸ್ಪೆಕ್ಟರು ನೋಡಿ "ಆಗುವುದಿಲ್ಲ, ಸರಿ ಮಾಡಿ ತನ್ನಿ" ಎಂದರು. ಏನೇನು ಆಗಬೇಕೆಂದು ಬರೆದು ಕೊಡಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಬರೆದೇ ಕೊಟ್ಟರು. ಹ್ಯಾಂಡ್‌ಬ್ರೇಕ್ ಸಾಲದು, ಹಿಂದಿನ ಒಂದು ಟಯರು ಸವೆದಿದೆ, ಒಂದು ಬ್ರೇಕ್ ಲೈಟು ಉರಿಯುವುದಿಲ್ಲ. ಮೂರೇ ಕೆಲಸ. ಎಲ್ಲ ಸೇರಿ ನಾನು ಪೈಂಟಿಗೆ ಮತ್ತು ಏಜೆಂಟರಿಗೆ ಕೊಡುತ್ತಿದ್ದಷ್ಟೂ ಆಗಲಿಲ್ಲ.

ಇದು ಅವರ ಉಪಕಾರವಲ್ಲ, ಕಾನೂನೇ ಹಾಗಿದೆ. ಮೋಟಾರು ವಾಹನ ಕಾಯಿದೆ, 1988ರ 56ನೇ ಸೆಕ್ಷನ್ ಪ್ರಕಾರ ಎಫ್‌ಸಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ನಾವು ಕೇಳುವುದಿಲ್ಲ, ಅವರು ಕೊಡುವುದಿಲ್ಲ. ಚೀಟಿ ಇಲ್ಲದಿದ್ದರೆ ಏನು ಕೆಟ್ಟಿದೆ ಎಂದು ತಿಳಿಯುವುದಿಲ್ಲ. ತಿಳಿಯದಲ್ಲಿ ಏಜೆಂಟರು ಹುಟ್ಟುತ್ತಾರೆ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ. ಎಫ್‌ಸಿ ಇಲ್ಲದ ಸಾಗಾಟದ ವಾಹನ ನೋಂದಣಿಯೇ ಆಗದ್ದಕ್ಕೆ ಸಮ. ಅಪಘಾತವಾದರೆ ವಿಮೆಯ ಗತಿ ಏನೆಂದು ಯೋಚಿಸಿ.

ಹಳೆ ಗಾಡಿಯವರ ಕಷ್ಟವೂ ಸುಳ್ಳಲ್ಲ. 2022ರ ಏಪ್ರಿಲಿನಲ್ಲಿ 15 ವರ್ಷ ದಾಟಿದ ವಾಹನಗಳ ಶುಲ್ಕ ಹಲವು ಪಟ್ಟು ಏರಿತು. ವರ್ಷಕ್ಕೆ ನಾಲ್ಕೇ ತಿಂಗಳು ದುಡಿಯುವ ರೈತನ ಪಿಕಪ್ಪಿಗೂ, ಹಗಲು ರಾತ್ರಿ ಓಡುವ ಬಾಡಿಗೆ ಗಾಡಿಗೂ ಒಂದೇ ಲೆಕ್ಕ. ಇದು ನನಗೆ ಒಪ್ಪಿಗೆಯಿಲ್ಲ. ನೋಡಬೇಕಾದ್ದು ಗಾಡಿಯ ವಯಸ್ಸನ್ನಲ್ಲ, ಸ್ಥಿತಿಯನ್ನು. ಯಂತ್ರದಿಂದಲೇ ತಪಾಸಣೆ ಮಾಡುವ ಕೇಂದ್ರಗಳಿಗೆ ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿತು. ಅಲ್ಲಿ ಚಕ್ರವನ್ನು ರೋಲರಿನ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ. ಯಂತ್ರಕ್ಕೆ ಪೈಂಟು ಕಾಣುವುದಿಲ್ಲ. ಇಂಥದ್ದು ಹಳ್ಳಿಯವರಿಗೆ ಅರ್ಧ ದಿನದಲ್ಲಿ ಹೋಗಿ ಬರುವ ದೂರದಲ್ಲಿ ಬರಲಿ ಎಂದು ನಾವು ಒತ್ತಾಯಿಸಬೇಕು. ಶುಲ್ಕಕ್ಕೆ ಗೊಣಗುವ ನಮಗೆ ಇದನ್ನು ಕೇಳುವ ಹಕ್ಕಿದೆ.

ಆದರೆ ಎರವಲು ಟಯರನ್ನು ಯಾವ ಯಂತ್ರವೂ ಹಿಡಿಯದು. ಅದು ನಮ್ಮಿಂದಲೇ ನಿಲ್ಲಬೇಕು. ಎಫ್‌ಸಿಗೆ ತಿಂಗಳು ಮೊದಲು ನಾನೀಗ ಇಷ್ಟು ಮಾಡುತ್ತೇನೆ. ಬ್ರೇಕ್ ಆಯಿಲ್, ಹೋಸುಗಳನ್ನು ನೋಡುವುದು. ಲೋಡು ಇರುವಾಗ ಮನೆಯ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲುತ್ತದಾ ಎಂದು ಪರೀಕ್ಷಿಸುವುದು. ಟಯರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಟಯರು ಬದಲು. ಚಾಸಿಯ ತುಕ್ಕನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡುವುದು. ಮದ್ದು ಬಿಟ್ಟು ಬಂದ ದಿನವೇ ತಳ ತೊಳೆಯುವುದು. ಅವಧಿ ಮುಗಿಯುವ ಮೊದಲೇ ಹೋಗುವುದು, ಯಾಕೆಂದರೆ ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಎಂದು ನಿಯಮ.

ಎಫ್‌ಸಿ ಇನ್‌ಸ್ಪೆಕ್ಟರಿಗಾಗಿ ಅಲ್ಲ, ಪಕ್ಕದ ಸೀಟಿನಲ್ಲಿ ಕೂತವರಿಗಾಗಿ. ಈ ಬಾರಿ ನೀವೇ ಖುದ್ದು ಹೋಗಿ, ಬರೆದು ಕೊಡಿ ಎಂದು ಕೇಳಿ. ಕೊಟ್ಟರಾ, ಇಲ್ಲವಾ, ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಏನಂತೀರಿ?