ಪೈಪಿನ ಕೋವಿಗೆ ಲೈಸೆನ್ಸ್ ಕೇಳುವವರಿಲ್ಲ

ಹಾರಂಗಿ ಹಿನ್ನೀರಿನ ಕಡೆಯಿಂದ ರಾತ್ರಿ ಹತ್ತರ ಮೇಲೆ ‘ಢಂ’ ಎಂದು ಸದ್ದು ಕೇಳಿದರೆ ನಮ್ಮೂರಿನಲ್ಲಿ ಯಾರೂ ಎದ್ದು ಕೂರುವುದಿಲ್ಲ. ಯಾರದೋ ಜೋಳದ ಹೊಲಕ್ಕೆ ಆನೆ ಬಂದಿದೆ ಎಂದುಕೊಂಡು ಮಗ್ಗುಲು ಬದಲಿಸುತ್ತೇವೆ. ನಾನು ಚಿಕ್ಕವನಿದ್ದಾಗ ಅದು ಪಟಾಕಿಯ ಸದ್ದು. ಈಗ ಕೆಲವು ವರ್ಷಗಳಿಂದ ಪೈಪಿನ ಸದ್ದು. ನೀರಿನ ಪಿವಿಸಿ ಪೈಪು, ಗ್ಯಾಸ್ ಒಲೆ ಹಚ್ಚುವ ಲೈಟರು, ಒಂದಿಷ್ಟು ಕಾರ್ಬೈಡ್. ಕೆಲವರು ಇದನ್ನು ಮಂಗನ ಗನ್ ಅನ್ನುತ್ತಾರೆ, ಕೆಲವರು ಬರೀ ‘ಪೈಪು’ ಅನ್ನುತ್ತಾರೆ.

ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮಗ, ಒಂಬತ್ತನೇ ತರಗತಿಯವನು, ಮೊಬೈಲಿನಲ್ಲಿ ವಿಡಿಯೊ ನೋಡಿ ಅಂಥದ್ದೊಂದನ್ನು ತಾನೇ ಮಾಡಿದ. ಎರಡು ಸಲ ಸಿಡಿಯಿತು. ಮೂರನೇ ಸಲ ಸಿಡಿಯಲಿಲ್ಲ. ಯಾಕೆಂದು ಬಗ್ಗಿ ಬಾಯಿಯೊಳಗೆ ನೋಡಿದ. ಆಗ ಸಿಡಿಯಿತು. ಚಿಕ್ಕಮ್ಮ ಹಿತ್ತಲಿನ ನಲ್ಲಿಗೆ ಅವನ ಮುಖ ಹಿಡಿದು ಅರ್ಧ ಗಂಟೆ ಕಣ್ಣು ತೊಳೆದರು. ಅದೇ ಅವನ ಕಣ್ಣು ಉಳಿಸಿತು ಎಂದು ಆಮೇಲೆ ಡಾಕ್ಟರ್ ಹೇಳಿದರು. ಎಡಗಣ್ಣು ಈಗಲೂ ಬಿಸಿಲಿಗೆ ನೀರು ಸುರಿಸುತ್ತದೆ.

ಇದು ಒಬ್ಬ ಹುಡುಗನ ಕಥೆಯಲ್ಲ ಎಂದು ಗೊತ್ತಾಗಿದ್ದು 2025ರ ದೀಪಾವಳಿಯಲ್ಲಿ. ಭೋಪಾಲ್, ವಿದಿಶಾ, ಗ್ವಾಲಿಯರ್ ಕಡೆಯ ಬೀದಿಗಳಲ್ಲಿ ಇದೇ ಪೈಪನ್ನು ‘ಕಾರ್ಬೈಡ್ ಗನ್’ ಎಂದು ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಮಾರಿದರು. ಮೂರ್ನಾಲ್ಕು ದಿನಗಳಲ್ಲಿ ನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಕಣ್ಣಿಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರು. ಹಲವರ ದೃಷ್ಟಿಯೇ ಹೋಯಿತು. ಪಟಾಕಿಗಿಂತ ಇದು ಕೆಟ್ಟದ್ದಾಗಲು ಕಾರಣವಿದೆ. ಕಾರ್ಬೈಡಿಗೆ ನೀರು ತಾಗಿದಾಗ ಹುಟ್ಟುವ ಅಸಿಟಿಲಿನ್ ಅನಿಲ ಹೊತ್ತಿಕೊಂಡು ಸಿಡಿಯುತ್ತದೆ. ಹಿಂದೆ ಉಳಿಯುವುದು ಸುಣ್ಣ. ಅಂದರೆ ಕಣ್ಣಿಗೆ ಬೆಂಕಿಯ ಜತೆಗೆ ಸುಣ್ಣವೂ ಬೀಳುತ್ತದೆ. ಬೆಂಕಿ ಕ್ಷಣದಲ್ಲಿ ಆರುತ್ತದೆ, ಸುಣ್ಣ ತೊಳೆಯುವವರೆಗೂ ಒಳಗೆ ಸುಡುತ್ತಲೇ ಇರುತ್ತದೆ.

ಕೊಡಗಿನಲ್ಲಿ ಕುಳಿತು ಈ ಸುದ್ದಿ ಓದುವಾಗ ಒಂದು ವಿಚಿತ್ರ ಕಾಣುತ್ತದೆ. ಕೋವಿಯ ವಿಷಯದಲ್ಲಿ ನಮ್ಮ ಜಿಲ್ಲೆಯಷ್ಟು ಚರ್ಚೆ, ಕಾಗದಪತ್ರ, ಕೋರ್ಟು ಕಚೇರಿ ಕಂಡ ಜಿಲ್ಲೆ ದೇಶದಲ್ಲಿ ಬೇರೆ ಇರಲಾರದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವವರ ಮನೆಗಳಿಗೆ ನಾನು ಹೋಗಿದ್ದೇನೆ. ಅಲ್ಲಿ ಹುಡುಗರಿಗೆ ಮೊದಲು ಕಲಿಸುವುದೇ ಕೋವಿಯ ಬಾಯಿ ಯಾರ ಕಡೆಗೂ ತಿರುಗಬಾರದು ಎನ್ನುವುದನ್ನು. ಆ ಕೋವಿಗೆ ನಂಬರಿದೆ, ಯಾರ ಮನೆಯಲ್ಲಿದೆ ಎಂಬ ದಾಖಲೆ ಇದೆ, ಹೇಳಿಕೊಡಲು ಒಬ್ಬ ಹಿರಿಯರಿದ್ದಾರೆ.

ಪೈಪಿಗೆ ಇದ್ಯಾವುದೂ ಇಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಎಂದರೆ ಗುಂಡನ್ನೋ ಮತ್ತೊಂದನ್ನೋ ಹಾರಿಸುವ ಸಾಧನ. ಬರೀ ಸದ್ದು ಮಾಡುವ ಪೈಪು ಆ ಮಾತಿನೊಳಗೆ ಸುಲಭಕ್ಕೆ ಬೀಳುವುದಿಲ್ಲ. ಕಾರ್ಬೈಡಿಗೆ 1987ರ ನಿಯಮಗಳೇ ಇವೆ, ಅದರಿಂದ ಹಣ್ಣು ಮಾಗಿಸುವುದಕ್ಕೂ ನಿಷೇಧವಿದೆ. ಆದರೂ ಅದು ವೆಲ್ಡಿಂಗಿಗೆ ಬೇಕಾದ ಸಾಮಾನು. ಒಂದು ಹಿಡಿ ಕೊಂಡವನನ್ನು ಯಾಕೆ ಎಂದು ಯಾರು ಕೇಳುತ್ತಾರೆ?

ಹಾಗಾದರೆ ನಿಷೇಧಿಸಿ ಎಂದು ಬರೆದು ಮುಗಿಸಬಹುದಿತ್ತು. ಮಧ್ಯಪ್ರದೇಶದಲ್ಲಿ ಅದು ಆಟಿಕೆಯಾಗಿತ್ತು, ಅಲ್ಲಿ ನಿಷೇಧ ಸರಿ. ಇಲ್ಲಿ ಅದು ಆಟಿಕೆಯಲ್ಲ. ನಮ್ಮದು ಜಮ್ಮಾ ಜಾಗವಲ್ಲ, ಎರಡೂವರೆ ಎಕರೆ ಜೋಳ ಮತ್ತು ಶುಂಠಿ. ಬೆಳೆ ರಕ್ಷಣೆಗೆಂದು ಕೋವಿ ಲೈಸೆನ್ಸಿಗೆ ಅರ್ಜಿ ಹಾಕಬಹುದು, ನಿಜ. ಪೊಲೀಸ್ ವರದಿ, ಓಡಾಟ, ಕೋವಿಯ ಬೆಲೆ ಎಲ್ಲ ಲೆಕ್ಕ ಹಾಕಿದ ಮೇಲೆ ಅಪ್ಪ ಆ ಮಾತು ಬಿಟ್ಟರು. 2023ರ ಗಣತಿಯಲ್ಲಿ ರಾಜ್ಯದಲ್ಲಿ ಅಂದಾಜು 6,395 ಆನೆಗಳು. ದೇಶದಲ್ಲೇ ಹೆಚ್ಚು ಎಂದು ನಾವು ಹೆಮ್ಮೆಪಟ್ಟೆವು. ಆ ಹೆಮ್ಮೆಯ ಬಾಡಿಗೆ ಕಟ್ಟುವವರು ಕಾಡಂಚಿನವರು.

ಇನ್ನೊಂದು ಕಡೆ ಸರ್ಕಾರದ ಹೈಟೆಕ್ ಉಪಕರಣಗಳಿವೆ. ಆನೆ ಕಾರ್ಯಪಡೆ ಬಂದಿದೆ, ಕತ್ತಲಲ್ಲೂ ಮೈಬಿಸಿ ಗುರುತಿಸುವ ಥರ್ಮಲ್ ಡ್ರೋನ್ ಹಾರುತ್ತದೆ, ರೈಲು ಹಳಿಯ ಬೇಲಿ, ಸೋಲಾರ್ ತಂತಿ ಇವೆ. 2025ರ ಮಾರ್ಚ್‌ನಲ್ಲಿ ವಿದೇಶದ್ದಕ್ಕಿಂತ ಅಗ್ಗವಾದ ದೇಶೀಯ ರೇಡಿಯೊ ಕಾಲರ್ ಬಿಡುಗಡೆಯಾಯಿತು. ಇವುಗಳಲ್ಲಿ ನನಗೆ ನಂಬಿಕೆ ಇರುವುದು ಕಾಲರ್ ಮೇಲೆ. ಆನೆ ಎಲ್ಲಿದೆ ಎಂದು ಸಂಜೆ ಆರಕ್ಕೇ ಗೊತ್ತಾದರೆ ರಾತ್ರಿ ಹತ್ತಕ್ಕೆ ಢಂ ಎನಿಸುವ ಅಗತ್ಯವೇ ಕಡಿಮೆ. ಆದರೆ ಗುಂಪಿನಲ್ಲಿ ಒಂದಕ್ಕೆ ಕಾಲರ್ ಹಾಕಬಹುದು. ಒಂಟಿ ಸಲಗ ಬೇರೆ ದಾರಿಯಲ್ಲಿ ಬಂದರೆ ಮೊಬೈಲಿಗೆ ಯಾವ ಮೆಸೇಜೂ ಬರುವುದಿಲ್ಲ.

ಮತ್ತೆ ಆನೆ ದಡ್ಡ ಪ್ರಾಣಿಯಲ್ಲ. ಮೊದಲ ವಾರ ಪೈಪಿನ ಸದ್ದಿಗೆ ಓಡಿದ ಆನೆ ತಿಂಗಳು ಕಳೆಯುವುದರೊಳಗೆ ಕಿವಿ ಅಲ್ಲಾಡಿಸಿ ಜೋಳ ಮುರಿಯುತ್ತಾ ನಿಲ್ಲುತ್ತದೆ. ಆಗ ಇನ್ನೂ ದೊಡ್ಡ ಪೈಪು ಬೇಕೆನಿಸುತ್ತದೆ. ಈ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು 2020ರಲ್ಲಿ ಪಕ್ಕದ ಕೇರಳದಲ್ಲಿ ನೋಡಿದ್ದೇವೆ. ಸಿಡಿಮದ್ದು ತುಂಬಿದ ಹಣ್ಣು ಕಚ್ಚಿದ ಗಬ್ಬದ ಆನೆಯೊಂದು ಹೊಳೆಯಲ್ಲಿ ನಿಂತೇ ಸತ್ತಿತ್ತು.

ಈ ಸಲ ಊರಿನ ಸಭೆಯಲ್ಲಿ ನಾನು ಕೇಳಬೇಕೆಂದಿರುವುದು ಎರಡೇ. ಅಂಗಡಿಯವರು ಕಾರ್ಬೈಡ್ ಕೊಂಡವರ ಹೆಸರು ಬರೆದುಕೊಳ್ಳಲಿ, ಮಕ್ಕಳ ಕೈಗೆ ಕೊಡದಿರಲಿ. ಬೆಳೆ ಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲು ಕೈಗೆ ಬರಲಿ. ಎರಡನೆಯದಾದರೆ ಮೊದಲನೆಯದನ್ನು ಒಪ್ಪಿಸುವುದು ಕಷ್ಟವಾಗಲಾರದು.

ಚಿಕ್ಕಪ್ಪ ಆ ಪೈಪನ್ನು ಇನ್ನೂ ಎಸೆದಿಲ್ಲ, ಕೊಟ್ಟಿಗೆಯ ಅಟ್ಟದ ಮೇಲಿದೆ. ಕೇಳಿದರೆ, ‘ಜೋಳ ತೆನೆ ಕಟ್ಟುವ ಹೊತ್ತಿಗೆ ನೀನು ಬಂದು ಕಾಯುತ್ತೀಯಾ?’ ಅನ್ನುತ್ತಾರೆ.