ಕೂಸಿನ ಕಿವಿ ಮೊದಲ ತಿಂಗಳಲ್ಲೇ ನೋಡಿಸಿ

ಎರಡು ವರ್ಷವಾದರೂ ಮಗು ಮಾತಾಡದಿದ್ದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಿಗುವ ಸಮಾಧಾನ ಒಂದೇ: ‘ಮಾಣಿ (ಗಂಡುಮಗು) ಅಲ್ದಾ, ಮಾತು ತಡವಾಗೇ ಬರ್ತು.’ ಬೆನ್ನ ಹಿಂದೆ ತಟ್ಟೆ ಬಡಿದು ನೋಡುವುದೂ ಉಂಟು. ತಿರುಗಿದರೆ ಪರೀಕ್ಷೆ ಪಾಸು! ಅರ್ಧಂಬರ್ಧ ಕೇಳುವ ಮಗುವೂ ತಟ್ಟೆಯ ಸದ್ದಿಗೆ ತಿರುಗುತ್ತದೆ. ‘ಸ’, ‘ಶ’ದಂಥ ಮೆಲುದನಿಗಳು ಮಾತ್ರ ಅದಕ್ಕೆ ಮುಟ್ಟುವುದಿಲ್ಲ. ಏನೂ ಕೇಳದ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ನಗುತ್ತದೆ, ಆ ಊ ಎನ್ನುತ್ತದೆ. ಗೊತ್ತಾಗಲಿಲ್ಲವೆಂದು ತಾಯಿಯನ್ನು ದೂರುವವರು ಇದನ್ನು ತಿಳಿಯಬೇಕು.

ಮಲಗಿದ ಮಗುವಿನ ಕಿವಿಗೆ ಪುಟ್ಟ ಬಿರಡೆಯಿಟ್ಟು ಒಳಕಿವಿಯ ಮರುದನಿ ಅಳೆಯುವ ಓಎಇ (OAE) ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಅನುಮಾನ ಬಂದರೆ ಸದ್ದಿಗೆ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ ಬೇರಾ (BERA) ಪರೀಕ್ಷೆ. 1 ತಿಂಗಳೊಳಗೆ ತಪಾಸಣೆ, 3ರೊಳಗೆ ಖಚಿತ, 6ರೊಳಗೆ ಶ್ರವಣಸಾಧನ ಎಂಬುದು ತಜ್ಞರ ಲೆಕ್ಕ. ಇದಕ್ಕೆಲ್ಲ 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೂರವೆನ್ನುವವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಶ್ರವಣಸಾಧನ ಸಾಲದಿದ್ದರೆ ಒಳಕಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಲಕ್ಷಗಟ್ಟಲೆ ಖರ್ಚು. ಅದಕ್ಕೆ ನೆರವಾಗುವ ರಾಜ್ಯದ ‘ಶ್ರವಣ ಸಂಜೀವಿನಿ’ ಯೋಜನೆ 6 ವರ್ಷದೊಳಗಿನವರಿಗಷ್ಟೇ. ತಡವಾದರೆ ಅದೂ ಕೈತಪ್ಪುತ್ತದೆ.

ಇನ್ನು ನಮ್ಮ ಮಳೆಗಾಲ. ತೇವಕ್ಕೆ ಶ್ರವಣಸಾಧನ ಬೇಗ ಕೆಡುತ್ತದೆ, ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡಬೇಕು. ಇದನ್ನೆಲ್ಲ ಹೇಳುವವರು ಹತ್ತಿರದಲ್ಲೇ ಇರಬೇಡವೇ?

ಮೂರೂ ತಾಲೂಕು ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿ ಮಗುವಿನ ಕಿವಿ ಪರೀಕ್ಷೆಯಾಗಿ, ಫಲಿತಾಂಶ ತಾಯಿ ಕಾರ್ಡಿನಲ್ಲಿ ದಾಖಲಾಗಲಿ. ಮನೆ ಹೆರಿಗೆಯ ಕೂಸುಗಳನ್ನು ಮೊದಲ ಲಸಿಕೆಯ ದಿನವೇ ನೋಡಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳು ಗಮನಿಸಲಿ.

– ನಿವೃತ್ತ ಶಿಕ್ಷಕಿ, ಸಿದ್ದಾಪುರ (ಉ.ಕ.)